ಸೀಸದ ಮೋಹ, ಸೀಸೆಯ ಮೋಹ

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಎಂ.ಜಿ.ಬಿ. ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೊರಟನು. ಅರ್ಧ ಬೆಟ್ಟ ಹತ್ತುವುದರೊಳಗೆ ಉಷ್ಣತೆಯ ಮುಳ್ಳು ಕೊನೆಯಂಚನ್ನು ಮುಟ್ಟಿ, ರೇಡಿಯೇಟರಿನಿಂದ ಹಬೆ ನುಗ್ಗಿತು. ಕಾರು ತಣಿಯಲೆಂದು ಮರದ ನೆರಳಿನಲ್ಲಿ ಕಾಯುತ್ತಿದ್ದಾಗ ಅವನು ಡಿಕ್ಕಿಯಿಂದ ಮೂರು ಸೀಸೆಗಳನ್ನು ತೆಗೆದು ತೋರಿಸಿದನು. ಒಂದು ರೇಡಿಯೇಟರಿಗೆ, ಒಂದು ಆಕ್ಟೇನ್ ಹೆಚ್ಚಿಸಲು, ಇನ್ನೊಂದು ಸೀಸದ ಬದಲಿಗೆ. “ಎಷ್ಟು ಸುರಿದರೂ ಅಷ್ಟೇ ಸಾರ್, ಸೀಸ ಬೆರೆಸಿದ ಆ ಕಾಲದ ಪೆಟ್ರೋಲೇ ಪೆಟ್ರೋಲು” ಎಂದು ನಿಟ್ಟುಸಿರಿಟ್ಟನು. ಅಂದು ಸುಮ್ಮನಿದ್ದೆ. ಆದರೆ ಹಳೆಯ ಕಾರುಗಳ ಅಭಿಮಾನಿಗಳ ಬಾಯಲ್ಲಿ ಪದೇ ಪದೇ ಕೇಳಿಬರುವ ಈ ಮಾತಿಗೆ ಉತ್ತರ ಹೇಳದಿರುವುದು ತಪ್ಪೆಂದು ಈಗ ಅನಿಸುತ್ತಿದೆ.

ಮೊದಲು ಬಿಸಿಯ ವಿಚಾರ. ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಹೆಚ್ಚುಕಡಿಮೆ ಅಷ್ಟನ್ನೇ ತಣಿಸುವ ನೀರು ಹೊತ್ತೊಯ್ಯಬೇಕು. ಉಳಿದುದು ಹೊಗೆಯೊಡನೆ ಹೋಗುತ್ತದೆ. ನಮ್ಮ ಕೊಳವೆಬಾವಿಯ ಗಡಸು ನೀರನ್ನು ವರ್ಷಾನುಗಟ್ಟಲೆ ತುಂಬಿದರೆ, ಬಚ್ಚಲಮನೆಯ ಹಂಡೆಯೊಳಗೆ ಕಟ್ಟುವ ಬಿಳಿಯ ಹಕ್ಕಳೆಯೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಸೀಸೆಯ ದ್ರವವು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ ಸ್ವಚ್ಛವಾದ ದಾರಿಯಲ್ಲಿ ಅಷ್ಟಿಷ್ಟು ನೆರವಾಗಬಹುದು. ಮುಚ್ಚಿಹೋದ ದಾರಿಯನ್ನು ತೆರೆಯಲಾರದು. ರೇಡಿಯೇಟರಿನ ಮುಚ್ಚಳವೂ ಅಲಂಕಾರಕ್ಕಿರುವುದಲ್ಲ. ಅಡುಗೆಮನೆಯ ಕುಕ್ಕರಿನಂತೆ ಅದು ಒತ್ತಡವನ್ನು ಹಿಡಿದಿಡುತ್ತದೆ. ಚದರ ಇಂಚಿಗೆ 7 ಪೌಂಡಿನ ಮುಚ್ಚಳವಿದ್ದರೆ ಬರಿಯ ನೀರೂ ಸುಮಾರು 111 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಅದರ ರಬ್ಬರು ಸವೆದಿದ್ದರೆ 100 ಡಿಗ್ರಿಗೇ ಕುದಿಯುತ್ತದೆ.

ಬಿಸಿಯ ವಿಚಾರದಲ್ಲಿ ತಯಾರಕರೇ ಹಿಡಿದ ದಾರಿ ಯಾವುದು? ಜಾಗ್ವಾರ್ ಇ-ಟೈಪ್ 1961ರಲ್ಲಿ ಜಿನೀವಾದಲ್ಲಿ ಬೆಳಕು ಕಂಡಾಗ ಅದರ ಮುಂಬಾಯಿ ಬಲು ಕಿರಿದು. ನೋಡಲು ಸೊಗಸು, ವಾಹನದಟ್ಟಣೆಯಲ್ಲಿ ಸಿಕ್ಕಿಕೊಂಡರೆ ಬಿಸಿ. 1968ರ ಎರಡನೆಯ ಸರಣಿಯಲ್ಲಿ ಕಂಪನಿಯು ಆ ಬಾಯನ್ನು ಹಿಗ್ಗಿಸಿ, ಎರಡು ವಿದ್ಯುತ್ ಫ್ಯಾನುಗಳನ್ನು ಕೂರಿಸಿತು. ಸೌಂದರ್ಯವನ್ನು ತುಸು ಬಲಿಕೊಟ್ಟು ಗಾಳಿಗೆ ದಾರಿ ಮಾಡಿತೇ ಹೊರತು ಸೀಸೆಯನ್ನು ನಂಬಲಿಲ್ಲ.

ಇನ್ನು ಸೀಸ. 1921ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸಿನ ಥಾಮಸ್ ಮಿಜ್ಲಿ, ಟೆಟ್ರಾಈಥೈಲ್ ಸೀಸವು ಎಂಜಿನ್ನಿನ ಬಡಿತವನ್ನು ತಡೆಯುತ್ತದೆಂದು ಕಂಡುಕೊಂಡನು. ಮದ್ಯಸಾರವೂ ಈ ಕೆಲಸವನ್ನು ಮಾಡಬಲ್ಲುದೆಂದು ಆ ಗುಂಪಿಗೆ ತಿಳಿದಿತ್ತು. ಆದರೂ ಮಾರಿದ್ದು ಸೀಸವನ್ನು. ಇಟ್ಟ ಹೆಸರು ಬರಿಯ ‘ಈಥೈಲ್’. 1924ರ ಅಕ್ಟೋಬರಿನಲ್ಲಿ ನ್ಯೂಜರ್ಸಿಯ ಘಟಕದಲ್ಲಿ ಐವರು ಕೆಲಸಗಾರರು ಸೀಸದ ವಿಷಕ್ಕೆ ಬಲಿಯಾದರು. ಅದೇ ತಿಂಗಳು ಮಿಜ್ಲಿ ಪತ್ರಕರ್ತರೆದುರು ಆ ದ್ರವದಲ್ಲಿ ಕೈತೊಳೆದು, ಅದರ ಆವಿಯನ್ನು ಮೂಸಿ ತೋರಿಸಿದನು. ಅದಕ್ಕೂ ಹಿಂದಿನ ವರ್ಷ ತಾನೇ ಸೀಸದ ವಿಷದಿಂದ ನರಳಿ ವಿಶ್ರಾಂತಿಗೆ ಹೋಗಿದ್ದುದನ್ನು ಅಲ್ಲಿ ಹೇಳಲಿಲ್ಲ.

ಸೀಸವು ಮಕ್ಕಳ ಮಿದುಳನ್ನು ಕೆಡಿಸುತ್ತದೆ. ಇಷ್ಟರೊಳಗಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಅದಕ್ಕಿಲ್ಲ. ಭಾರತವು 2000ದಲ್ಲಿ ಅದನ್ನು ಪೆಟ್ರೋಲಿನಿಂದ ತೆಗೆಯಿತು. 2021ರಲ್ಲಿ ಕೊನೆಯದಾಗಿ ಅಲ್ಜೀರಿಯ ಬಿಟ್ಟಿತು. ರಸ್ತೆಯಂಚಿನ ಶಾಲೆಯಲ್ಲಿ ದಶಕಗಟ್ಟಲೆ ಪಾಠ ಹೇಳಿದವನು ನಾನು. ಮಂದಬುದ್ಧಿಯೆಂದು ನಾನು ಗದರಿದ ಮಕ್ಕಳಲ್ಲಿ ಎಷ್ಟು ಮಂದಿ ಕಿಟಕಿಯಿಂದ ಬಂದ ಹೊಗೆಗೆ ದಂಡ ತೆತ್ತವರೋ! ಆ ಪೆಟ್ರೋಲನ್ನು ಹಂಬಲಿಸುವವರು ಇದನ್ನೂ ನೆನೆಯಬೇಕು.

“ಹಾಗಾದರೆ ವಾಲ್ವುಗಳ ಗತಿ?” ಎಂದು ಕೇಳುವಿರಿ. ಪ್ರಶ್ನೆ ನ್ಯಾಯವಾದುದೇ. ಎಂ.ಜಿ.ಬಿ.ಯ ಎಂಜಿನ್ನೂ ನಮ್ಮ ಅಂಬಾಸಡರಿನ 1489 ಸಿ.ಸಿ. ಎಂಜಿನ್ನೂ ಒಂದೇ ಬಿ.ಎಂ.ಸಿ. ವಂಶದ ಕುಡಿಗಳು. ಮೆದುವಾದ ಎರಕದ ಕಬ್ಬಿಣದಲ್ಲೇ ಕೊರೆದ ವಾಲ್ವಿನ ಪೀಠಗಳು ಸೀಸದ ಲೇಪವಿಲ್ಲದೆ, ವೇಗದಲ್ಲಿ ಬಹುಹೊತ್ತು ಓಡಿಸಿದರೆ, ಸವೆಯುವುದು ನಿಜ. ಬ್ರಿಟನ್ನಿನಲ್ಲಿ ಶಾಸ್ತ್ರೀಯ ಪರೀಕ್ಷೆಗೊಳಪಟ್ಟು ಗೆದ್ದ ಕೆಲವು ಬದಲಿ ದ್ರವಗಳಿರುವುದೂ ನಿಜ. ಅವು ತಾತ್ಕಾಲಿಕ ಊರುಗೋಲು. ಹೆಡ್ಡನ್ನು ಬಿಚ್ಚಿ ಗಟ್ಟಿ ಉಕ್ಕಿನ ಪೀಠಗಳನ್ನು ಕೂರಿಸಿದರೆ ಆ ಖರ್ಚು ಒಮ್ಮೆಗೇ ಮುಗಿಯಿತು. ಇ-ಟೈಪಿನ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಪ್ರತ್ಯೇಕ ಪೀಠಗಳು ಮೊದಲಿನಿಂದಲೂ ಇವೆ. ಅದರ ಒಡೆಯರೂ ಸೀಸೆ ಕೊಳ್ಳುವುದನ್ನು ಕಂಡರೆ ನಗು ಬರುತ್ತದೆ.

ಆಕ್ಟೇನ್ ಸೀಸೆಯ ಲೆಕ್ಕವಂತೂ ಕಣ್ಕಟ್ಟು. “ಐದು ಪಾಯಿಂಟು ಏರಿಕೆ” ಎಂದರೆ ಬಹುಮಟ್ಟಿಗೆ ಅರ್ಧ ಆಕ್ಟೇನ್. ಹತ್ತು ಪಾಯಿಂಟಿಗೆ ಒಂದು. ಈಗ ನಮ್ಮ ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಬೆರೆತಿದೆ. ಅದು ತಾನಾಗಿಯೇ ಆಕ್ಟೇನನ್ನು ಏರಿಸುತ್ತದೆ. ಅದರ ತೊಡಕು ಬೇರೆ: ಲೀಟರಿಗೆ ಅದರ ಶಕ್ತಿ ಪೆಟ್ರೋಲಿನ ಮೂರರಲ್ಲೆರಡು ಪಾಲು, ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗಿ ಬಿಸಿಯೇರುತ್ತದೆ, ಹಳೆಯ ರಬ್ಬರು ಕೊಳವೆಗಳು ಹಾಳಾಗಿ ಸೋರಬಹುದು. ಕಾರ್ಬುರೇಟರಿನ ಸೂಜಿಯನ್ನೂ ಕೊಳವೆಗಳನ್ನೂ ಬದಲಿಸುವುದೇ ಮದ್ದು.

ಬೆಟ್ಟದಿಂದ ಮರಳಿದ ಮೇಲೆ ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ರೇಡಿಯೇಟರನ್ನು ಬಿಚ್ಚಿಸಿ ತೊಳೆಸು, ಮುಚ್ಚಳ, ಥರ್ಮೋಸ್ಟಾಟ್, ಬೆಲ್ಟುಗಳನ್ನು ಹೊಸದಾಗಿಸು, ಇಗ್ನಿಷನ್ ಟೈಮಿಂಗ್ ನೋಡಿಸು, ಖನಿಜ ತೆಗೆದ ನೀರಿಗೆ ಕೂಲೆಂಟ್ ಬೆರೆಸು. ಮೂರು ಸೀಸೆಗಳ ಹಣವನ್ನು ಈ ಕೆಲಸಕ್ಕೆ ಹಾಕು. ಅಷ್ಟಾಗಿಯೂ ಕುದಿದರೆ ನನ್ನನ್ನು ಬೈಯಲು ಬಾ. ಕಾಫಿ ಕೊಟ್ಟೇ ಬೈಸಿಕೊಳ್ಳುತ್ತೇನೆ.