ನೋಡುವವರ ನೀತಿ

ಆಡುವವರಿಗೆ ನೀತಿಯುಂಟು, ಅವರು ತಪ್ಪಿದರೆ ತಿದ್ದಲು ತೀರ್ಪುಗಾರರಿದ್ದಾರೆ. ನೋಡುವವರಿಗೂ ನೀತಿಯುಂಟೆ? ಹೋದ ವರ್ಷದವರೆಗೆ ಈ ಪ್ರಶ್ನೆ ನನ್ನ ತಲೆಗೆ ಹೊಳೆದಿರಲಿಲ್ಲ. ಕ್ರಿಕೆಟ್ ಮೈದಾನದಲ್ಲಿ ಕುಳಿತು ಗಂಟಲು ಹರಿಯುವಂತೆ ಕೂಗಿದವರಲ್ಲಿ ನಾನೂ ಒಬ್ಬ. ನನ್ನ ಕೂಗಿನಿಂದ ಯಾರ ವಿಕೆಟ್ಟೂ ಬಿದ್ದದ್ದಿಲ್ಲ. ಆದರೆ ನೋಡುವವರ ಕೂಗಿನಿಂದಲೇ ಒಬ್ಬ ಹುಡುಗನ ಗೆಲುವೂ ಮಾನವೂ ಒಟ್ಟಿಗೆ ಹೋದ ಪ್ರಸಂಗವೊಂದಕ್ಕೆ ನಾನು ಸಾಕ್ಷಿಯಾದೆ. ಸಾಕ್ಷಿ ಮಾತ್ರವಲ್ಲ, ನ್ಯಾಯಾಧೀಶನೂ ಆದೆ. ಈ ಲೇಖನಕ್ಕೆ ಅದೇ ಕಾರಣ.

ಪ್ರಸಂಗಕ್ಕೆ ಮೊದಲು ಆಟವನ್ನು ಹೇಳಬೇಕು. 'ಕೌಂಟರ್-ಸ್ಟ್ರೈಕ್' ಎಂಬುದು ಕಂಪ್ಯೂಟರಿನ ಪರದೆಯ ಮೇಲೆ ನಡೆಯುವ ಬಂದೂಕಿನ ಕಾಳಗ. 1999ರಲ್ಲಿ ಇಬ್ಬರು ತರುಣರು ಬೇರೊಂದು ಆಟದ ಕಾಂಡಕ್ಕೆ ಕಸಿ ಕಟ್ಟಿ ಇದನ್ನು ಬೆಳೆಸಿದರು; ಇದರ 'ಎರಡು' ಎಂಬ ಹೊಸ ಅವತಾರ ಹೊರಬಂದದ್ದು 2023ರಲ್ಲಿ. ಒಂದೊಂದು ಪಕ್ಷದಲ್ಲಿ 5 ಜನ. ಒಂದು ಪಕ್ಷ ಗೊತ್ತಾದ ಸ್ಥಳದಲ್ಲಿ ಬಾಂಬು ಇಡಬೇಕು. ಇನ್ನೊಂದು ಪಕ್ಷ ಅದನ್ನು ತಡೆಯಬೇಕು. ಇಟ್ಟ ಬಾಂಬು ಸಿಡಿಯಲು 40 ಸೆಕೆಂಡು. ಮೊದಲು 13 ಸುತ್ತು ಗೆದ್ದವರಿಗೆ ಜಯ. ಬಂದೂಕಿನ ಆಟಕ್ಕೆ ಸಾಹಿತ್ಯದ ಪುಟವೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಕುರುಕ್ಷೇತ್ರಕ್ಕೆ ನಾವು ಕೊಟ್ಟಿರುವ ವಿಶಾಲವಾದ ಜಾಗದಲ್ಲಿ ಒಂದು ಮೂಲೆಯನ್ನು ಇದಕ್ಕೂ ಬಿಟ್ಟುಕೊಡಬೇಕೆಂದು ಅವರಲ್ಲಿ ನನ್ನ ಬಿನ್ನಹ.

ಈ ಆಟಕ್ಕೂ ಕ್ರಿಕೆಟ್ಟಿಗೂ ಒಂದು ಮೂಲಭೂತವಾದ ವ್ಯತ್ಯಾಸವಿದೆ. ಕ್ರಿಕೆಟ್ಟಿನಲ್ಲಿ ಎಲ್ಲವೂ ಬಯಲು. ಯಾವ ಕ್ಷೇತ್ರರಕ್ಷಕ ಎಲ್ಲಿ ನಿಂತಿದ್ದಾನೆಂಬುದು ಗ್ಯಾಲರಿಯವನಿಗೆ ಗೊತ್ತಾದಷ್ಟೇ ಬ್ಯಾಟುಗಾರನಿಗೂ ಗೊತ್ತು. ಇಲ್ಲಿ ಹಾಗಲ್ಲ. ಎದುರಾಳಿ ಎಲ್ಲಿದ್ದಾನೆ, ಅವನ ಕೈಯಲ್ಲಿರುವ ಆಯುಧ ಯಾವುದು, ಮುಂದಿನ ಸುತ್ತಿಗೆ ಆಯುಧ ಕೊಳ್ಳಲು ಅವರ ಬಳಿ ಎಷ್ಟು ಹಣ ಉಳಿದಿದೆ, ಇವಾವುವೂ ಆಟಗಾರನಿಗೆ ತಿಳಿಯವು. ಹೆಜ್ಜೆಯ ಸಪ್ಪಳದಿಂದ, ಜೊತೆಗಾರರ ಮಾತಿನಿಂದ, ಅನುಭವದಿಂದ ಊಹಿಸಬೇಕು. ಗುರಿಯಿಡುವುದು ಈ ಆಟದ ಅರ್ಧ. ಕಾಣದ್ದನ್ನು ಊಹಿಸುವುದು ಇನ್ನರ್ಧ.

ನೋಡುವವನ ಪರದೆಯಲ್ಲಾದರೋ ಎಲ್ಲವೂ ಬೆಳಕು. ಪ್ರಸಾರದಲ್ಲಿ ಗೋಡೆಯ ಹಿಂದೆ ಅವಿತವನ ಆಕಾರವೂ ಗೆರೆಯಾಗಿ ಹೊಳೆಯುತ್ತದೆ. 'ಅಬ್ಸರ್ವರ್' ಎಂಬಾತನೊಬ್ಬ ಕೀಲಿಮಣೆಯ ಅಂಕಿಗಳನ್ನು ಒತ್ತುತ್ತ, ಹತ್ತು ಜನರಲ್ಲಿ ಈ ಕ್ಷಣಕ್ಕೆ ಯಾರ ಕಣ್ಣಿನಿಂದ ನಾವು ನೋಡಬೇಕೆಂಬುದನ್ನು ಆರಿಸುತ್ತಾನೆ. ನಾಟಕಕಾರರು ಬಲ್ಲ ಮಾತು ಇದು: ಪಾತ್ರಕ್ಕೆ ತಿಳಿಯದ್ದು ಪ್ರೇಕ್ಷಕನಿಗೆ ತಿಳಿದಿದ್ದರೆ ರಸ ಇಮ್ಮಡಿಯಾಗುತ್ತದೆ. ಆದರೆ ನಾಟಕದಲ್ಲಿ ಪ್ರೇಕ್ಷಕ ಎಷ್ಟೇ ನಿಟ್ಟುಸಿರು ಬಿಟ್ಟರೂ ಪಾತ್ರ ತನ್ನ ಮಾತನ್ನು ಬದಲಿಸುವುದಿಲ್ಲ. ಇಲ್ಲಿ ಬದಲಿಸುತ್ತದೆ. ಪ್ರೇಕ್ಷಕನ ಸುಖಕ್ಕೆಂದು ಬಯಲು ಮಾಡಿದ ಗುಟ್ಟು ರಂಗದೊಳಕ್ಕೆ ಹರಿದುಹೋದರೆ ಅದೇ ಆಯುಧವಾಗುತ್ತದೆ.

ಹಾಗೆ ಹರಿದುಹೋದದ್ದನ್ನು ನಾನು ಕಂಡೆ. ಕಾಲೇಜೊಂದರ ವಾರ್ಷಿಕೋತ್ಸವದಲ್ಲಿ ಈ ಆಟದ ಸ್ಪರ್ಧೆ ಏರ್ಪಟ್ಟಿತ್ತು. ವಯಸ್ಸಿನಲ್ಲಿ ಹಿರಿಯನೆಂಬ ಒಂದೇ ಅರ್ಹತೆಯಿಂದ ನನ್ನನ್ನು ತೀರ್ಪುಗಾರರ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದ್ದರು. ಆಟಗಾರರು ಕಂಪ್ಯೂಟರ್ ಕೋಣೆಯಲ್ಲಿ. ಪಕ್ಕದ ಸಭಾಂಗಣದಲ್ಲಿ ದೊಡ್ಡ ಪರದೆ, ತುಂಬಿದ ಜನ. ಸೆಕೆಯೆಂದು ನಡುವಿನ ಬಾಗಿಲನ್ನು ತೆರೆದಿಟ್ಟಿದ್ದರು. ಆಟ ಬಿಸಿಬಿಸಿಯಾಗಿಯೇ ಕಾಣಬೇಕೆಂದು ಪ್ರಸಾರವನ್ನು ಒಂದು ಕ್ಷಣವೂ ತಡೆದಿರಲಿಲ್ಲ. ಕೊನೆಯ ಪಂದ್ಯ 12–11ಕ್ಕೆ ಬಂತು. ಎರಡು ಪಕ್ಷದಲ್ಲೂ ಒಬ್ಬೊಬ್ಬನೇ ಉಳಿದಿದ್ದ. ಬಾಂಬು ಟಿಕ್ ಟಿಕ್ ಎನ್ನುತ್ತಿದೆ. ಮುಂದಿದ್ದ ಪಕ್ಷದ ಹುಡುಗ ಅದನ್ನು ಆರಿಸಲೆಂದು ಮರದ ಪೆಟ್ಟಿಗೆಯೊಂದನ್ನು ದಾಟಿ ಹೋಗುತ್ತಿದ್ದಾನೆ. ಎದುರಾಳಿ ಕುಳಿತಿರುವುದು ಆ ಪೆಟ್ಟಿಗೆಯ ಹಿಂದೆಯೇ. ಸಭಾಂಗಣವೆಲ್ಲ ಒಂದೇ ಉಸಿರಿನಲ್ಲಿ "ಅಯ್ಯೋ! ಹಿಂದೆ!" ಎಂದಿತು. ಹುಡುಗ ಗಿರಕ್ಕನೆ ತಿರುಗಿ ಗುಂಡು ಹಾರಿಸಿದ.

ಎದುರು ಪಕ್ಷದವರು ದೂರು ತಂದರು: ಗೋಡೆಯಾಚೆ ತೋರಿಸುವ ಕಳ್ಳ ತಂತ್ರಾಂಶವನ್ನು ಅವನು ಬಳಸಿದ್ದಾನೆ. ಅವನ ಪರದೆಯಲ್ಲಿ ಕಂಡಷ್ಟನ್ನು ನಾನು ಮತ್ತೆ ಮತ್ತೆ ಹಾಕಿಸಿ ನೋಡಿದೆ. ತಿರುಗಲು ಕಾರಣವೇ ಇರಲಿಲ್ಲ, ತಿರುಗಿದ್ದ.

"ಏಕಪ್ಪ ತಿರುಗಿದೆ?" ಎಂದೆ.

"ಕೇಳಿಸಿತು ಸಾರ್."

"ಏನು ಕೇಳಿಸಿತು?"

"ಜನ" ಎಂದ.

ನೆಪ ಹೇಳುತ್ತಾನೆಂದುಕೊಂಡೆ. ತಂಡವನ್ನು ಅನರ್ಹಗೊಳಿಸಿ, 'ಮೋಸದ ಆಟ' ಎಂದು ವರದಿಯಲ್ಲಿ ಬರೆದು ರುಜು ಹಾಕಿದೆ. ಎರಡು ದಿನಗಳ ಮೇಲೆ ಪ್ರಸಾರ ನೋಡಿಕೊಂಡಿದ್ದ ವಿದ್ಯಾರ್ಥಿಯೊಬ್ಬ ಸಭಾಂಗಣದಲ್ಲಿ ಹಿಡಿದಿದ್ದ ಧ್ವನಿಯನ್ನೂ ಆಟದ ದಾಖಲೆಯನ್ನೂ ಜೋಡಿಸಿ ತಂದು ತೋರಿಸಿದ. ಕೂಗು ಮೊದಲು, ತಿರುಗಿದ್ದು ಅನಂತರ.

ಹಾಗಾದರೆ ಆ ಸುತ್ತು ಅವನಿಗೆ ಸಲ್ಲಬೇಕಾಗಿತ್ತೆ? ಅದೂ ಇಲ್ಲ. ಅವನಿಗೆ ಸಿಗಬಾರದ ಲಾಭ ಸಿಕ್ಕಿದ್ದು ನಿಜ. ಪೆಟ್ಟಿಗೆಯ ಹಿಂದೆ ಜಾಣತನದಿಂದ ಕಾದು ಕುಳಿತವನಿಗೆ ಅನ್ಯಾಯವಾದದ್ದೂ ನಿಜ. ಸುತ್ತನ್ನು ಮತ್ತೊಮ್ಮೆ ಆಡಿಸಬೇಕಾಗಿತ್ತು. ಆದರೆ ಹುಡುಗ ಅದನ್ನು ಕದ್ದವನಲ್ಲ; ನಾವೇ ಅವನ ಕಿವಿಗೆ ಎಸೆದೆವು. ಕೇಳಿದಾಗ ಮುಚ್ಚಿಡದೆ ಹೇಳಿದವನೂ ಅವನೇ. ಸಿಕ್ಕಿದ್ದಕ್ಕೂ ಸಿಕ್ಕಿದ್ದನ್ನು ಬಚ್ಚಿಟ್ಟದ್ದಕ್ಕೂ ಇರುವ ಅಂತರವನ್ನು ನಾನು ಕಾಣದೆ ಹೋದೆ.

ಈ ಅಂತರ ಎಷ್ಟು ದೊಡ್ಡದೆಂಬುದಕ್ಕೆ ದೊಡ್ಡವರ ಆಟದಲ್ಲೇ ನಿದರ್ಶನವಿದೆ. ಹಿಂದಿನ ಕೌಂಟರ್-ಸ್ಟ್ರೈಕಿನಲ್ಲಿ ಒಂದು ದೋಷವಿತ್ತು: ತಂಡದ ತರಬೇತುದಾರನ ನೋಟ ಕೆಲವೊಮ್ಮೆ ತನ್ನ ಆಟಗಾರರಿಂದ ಕಳಚಿ ರಂಗದ ಒಂದು ಮೂಲೆಯಲ್ಲಿ ನಿಂತುಬಿಡುತ್ತಿತ್ತು, ಅಲ್ಲಿಂದ ಎದುರಾಳಿಗಳ ಓಡಾಟ ಕಾಣುತ್ತಿತ್ತು. ಇದನ್ನು ತಿಳಿಸದೆ ಉಳಿಸಿಕೊಂಡವರ ಹಳೆಯ ಪಂದ್ಯಗಳ ದಾಖಲೆಗಳನ್ನು ತೆಗೆಸಿ ನೋಡಿ, 2020ರ ಸೆಪ್ಟೆಂಬರಿನಲ್ಲಿ ಇ-ಸ್ಪೋರ್ಟ್ಸ್ ಇಂಟೆಗ್ರಿಟಿ ಕಮಿಷನ್ 37 ಮಂದಿ ತರಬೇತುದಾರರಿಗೆ ವಿವಿಧ ಅವಧಿಯ ನಿಷೇಧ ವಿಧಿಸಿತು. ದೋಷ ಯಂತ್ರದ್ದು, ಮೌನ ಮನುಷ್ಯರದು. ಶಿಕ್ಷೆಯಾದದ್ದು ಮೌನಕ್ಕೆ. ನನ್ನ ಹುಡುಗನಿಗೆ ಶಿಕ್ಷೆಯಾದದ್ದು ಮಾತನಾಡಿದ ಮೇಲೆ.

ಪರಿಹಾರವೇನು? ಮೊದಲನೆಯದು, ತಡೆ. ಆಟ ನಡೆದ ಒಂದೆರಡು ನಿಮಿಷದ ಮೇಲೆ ಅದು ಹೊರಗಿನವರಿಗೆ ಕಾಣಲಿ. ಬೇರೆ ಬೇರೆ ಊರುಗಳಲ್ಲಿ ಕುಳಿತು ಅಂತರಜಾಲದ ಮೂಲಕ ಆಡುವ ಪಂದ್ಯಗಳಲ್ಲಿ ಇದಿಲ್ಲದೆ ಗತಿಯಿಲ್ಲ. ತನ್ನ ಪಂದ್ಯದ ಪ್ರಸಾರವನ್ನು ತಾನೇ ನೋಡಿ ಎದುರಾಳಿಯನ್ನು ಹುಡುಕುವ ಚಾಳಿಗೆ ಹುಡುಗರ ಭಾಷೆಯಲ್ಲಿ 'ಸ್ಟ್ರೀಮ್ ಸ್ನೈಪಿಂಗ್' ಎಂಬ ಹೆಸರೇ ಇದೆ. ಚದುರಂಗದಂಥ ಬಯಲಾಟಕ್ಕೂ ತಡೆ ಬೇಕಾಗಿ ಬಂತು: 2022ರಲ್ಲಿ ಸೇಂಟ್ ಲೂಯಿಯ ಸಿಂಕ್‌ಫೀಲ್ಡ್ ಕಪ್ಪಿನಿಂದ ಕಾರ್ಲ್‌ಸನ್ ಹೊರನಡೆದಾಗ, ವ್ಯವಸ್ಥಾಪಕರು ನಡೆಗಳ ಪ್ರಸಾರವನ್ನು 15 ನಿಮಿಷ ತಡೆದರು.

ತಡೆದರೆ ರಸ ಆರಿಹೋಗುತ್ತದೆಂಬುದು ಎದುರುಮಾತು. ನನ್ನ ವಿದ್ಯಾರ್ಥಿಗಳೂ ಹೀಗೇ ವಾದಿಸಿದರು. ಅವರಿಗೆ ನಾನು ಸಂಜಯನನ್ನು ನೆನಪಿಸಿದೆ. ಅರಮನೆಯಲ್ಲಿ ಕುಳಿತು, ಆಗುತ್ತಿರುವುದನ್ನು ಆಗುತ್ತಿರುವಂತೆಯೇ ಅವನು ಧೃತರಾಷ್ಟ್ರನಿಗೆ ಹೇಳಿದನೆಂದು ನಾವೆಲ್ಲ ಭಾವಿಸುತ್ತೇವೆ. ವ್ಯಾಸಭಾರತದ ಭೀಷ್ಮಪರ್ವವನ್ನು ತೆರೆದು ನೋಡಿ. ಸಂಜಯ ರಣರಂಗದಿಂದ ಧಾವಿಸಿ ಬಂದು ಮೊದಲು ಹೇಳುವುದು ಭೀಷ್ಮರು ಬಿದ್ದರೆಂಬ ಸುದ್ದಿಯನ್ನು. ಹತ್ತು ದಿನದ ಯುದ್ಧದ ಕಥೆ ಬರುವುದು ಆಮೇಲೆ. ಮುಗಿದದ್ದನ್ನು, ಮುಗಿಯಿತೆಂದು ತಿಳಿದ ಮೇಲೂ, ಮುದುಕ ದೊರೆ ಎದೆ ಹಿಡಿದುಕೊಂಡು ಕೇಳಿದ. ರಸಕ್ಕೆ ಬೇಕಾದದ್ದು ಹೇಳುವವನ ಹದ, ಗಡಿಯಾರದ ಮುಳ್ಳಲ್ಲ. ಫಲ ಮೊದಲೇ ತಿಳಿದ ಹತ್ತು ದಿನ ಅಷ್ಟು ರುಚಿಸುವುದಾದರೆ, ಫಲ ತಿಳಿಯದ ಎರಡು ನಿಮಿಷದಿಂದ ಏನು ಕೆಡುತ್ತದೆ?

ಮತ್ತೊಂದು ಲಾಭವೂ ಇದೆ. ನ್ಯಾಯಕ್ಕೆಂದು ಇಟ್ಟ ಈ ತಡೆಯೇ ಪ್ರಸಾರದ ನಯಕ್ಕೂ ನೆರವಾಗುತ್ತದೆ. ಈ ಆಟದ ಪ್ರಸಾರಕ್ಕೆ ಬಹಳ ಹಿಂದೆಯೇ 'ಹಾಫ್-ಲೈಫ್ ಟಿವಿ' ಎಂಬ ಏರ್ಪಾಡಾಯಿತು; ಅದರ ವಂಶದ್ದೇ ಈಚಿನ 'ಜಿಒಟಿವಿ'. ಸಾವಿರಾರು ನೋಟಕರು ಆಟದ ಸರ್ವರಿಗೇ ಮುಗಿಬಿದ್ದರೆ ಆಡುವವರ ಆಟ ಮುಗ್ಗರಿಸುತ್ತದೆ. ಆದ್ದರಿಂದ ಒಬ್ಬನೇ ಮೂಕ ನೋಟಕನನ್ನು ಒಳಗೆ ಕೂರಿಸಿ, ಅವನು ಕಂಡದ್ದನ್ನು ಬೇರೆ ಯಂತ್ರಗಳ ಮೂಲಕ, ಕಾಲುವೆಯಿಂದ ಕಾಲುವೆಗೆ ನೀರು ಹಾಯಿಸಿದಂತೆ ಹಂಚುತ್ತಾರೆ. ತಡೆಯೆಂದರೆ ಆ ಕಾಲುವೆಯ ತಲೆಯಲ್ಲಿ ಕಟ್ಟಿದ ಕೆರೆ. ಕೆರೆಯಲ್ಲಿ ನೀರು ನಿಂತಿದ್ದರೆ, ಮುಂದೆ ಯಾರ ಗುಂಡು ಯಾರಿಗೆ ತಗಲುತ್ತದೆಂದು ತೋರಿಸುವವನಿಗೆ ಮೊದಲೇ ತಿಳಿಯಿಸಬಹುದು. ಅವನು ತಡಬಡಿಸದೆ ಸರಿಯಾದ ಕಣ್ಣಿಗೆ ನಮ್ಮನ್ನು ಕರೆದೊಯ್ಯಬಹುದು.

ಆದರೆ ತಡೆ ಸರ್ವರೋಗಕ್ಕೂ ಮದ್ದಲ್ಲ. ಆಟಗಾರರೂ ಜನರೂ ಒಂದೇ ಸೂರಿನಡಿ ಇರುವಾಗ ಅದು ನಡೆಯದು. ಪೋಲೆಂಡಿನ ಕಾಟೊವಿಟ್ಸೆಯಲ್ಲಿ ತಟ್ಟೆಯಾಕಾರದ 'ಸ್ಪೊಡೆಕ್' ಕ್ರೀಡಾಂಗಣವಿದೆ. ಅಲ್ಲಿ 2014ರಿಂದ ಹಲವು ವರ್ಷ ಸಾವಿರಾರು ಜನ ಸೇರಿ ಈ ಆಟ ನೋಡಿದರು. ವೇದಿಕೆಯ ಮೇಲೆ ಗೆದ್ದವನು ಎದ್ದು ಕುಣಿಯುತ್ತಿರುವಾಗ ಪರದೆಯಲ್ಲಿ ಅವನಿನ್ನೂ ಅಡಗಿ ಕುಳಿತಿದ್ದರೆ ನೋಡುವವರಿಗೆ ಅರ್ಥವಾಗುವುದೇನು? ಅಂಥ ಕಡೆ ಆಟಗಾರರ ಕಿವಿ ಮುಚ್ಚುವ ಸಾಧನಗಳುಂಟು. ಆದರೂ ಕಿವಿಯನ್ನು ಮುಚ್ಚಿದಂತೆ ನೆಲದ ನಡುಕವನ್ನು ಮುಚ್ಚಲಾಗದು. ನನ್ನ ಸಲಹೆ ಬೇರೆ. ಮನೆಯಲ್ಲಿ ನೋಡುವವನಿಗೆ ಗೋಡೆಯಾಚೆಯ ಗೆರೆಗಳು ಕಾಣಲಿ. ಅಂಗಣದ ಪರದೆಯಲ್ಲಿ ಅವು ಬೇಡ. ಪಕ್ಕದಲ್ಲೇ ಕುಳಿತವನಿಗೆ ಆಟಗಾರನಷ್ಟೇ ಕುರುಡು ಇರಲಿ. ಗೊತ್ತಿಲ್ಲದ ಗುಟ್ಟನ್ನು ಯಾರೂ ಕೂಗಿ ಹೇಳಲಾರರು. ರಸ ಒಂದಿಷ್ಟು ಕಡಮೆಯಾದೀತು, ಒಪ್ಪುತ್ತೇನೆ. ಪಂದ್ಯವನ್ನು ಹತ್ತಿರದಿಂದ ನೋಡುವ ಭಾಗ್ಯಕ್ಕೆ ತೆರಬೇಕಾದ ತೆರಿಗೆ ಅದು.

ಆ ಹುಡುಗನ ಪ್ರಾಂಶುಪಾಲರಿಗೆ ನಾನು ಪತ್ರ ಬರೆದು ವರದಿಯನ್ನು ಹಿಂತೆಗೆದುಕೊಂಡೆ. ಹುಡುಗನಿಗೆ ಬೇರೆಯಾಗಿ ಕ್ಷಮೆ ಕೇಳಿ ಬರೆದೆ. ಅವನ ಉತ್ತರ ಎರಡೇ ಸಾಲು: "ಪರವಾಗಿಲ್ಲ ಸಾರ್. ಮುಂದಿನ ಸಲ ಬಾಗಿಲು ಹಾಕಿಸಿ." ಈ ವರ್ಷ ಬಾಗಿಲು ಹಾಕಿಸಿದೆವು, ಪ್ರಸಾರವನ್ನು ಎರಡು ನಿಮಿಷ ತಡೆದೆವು. ಸಭಾಂಗಣದಲ್ಲಿ ಮೊದಲ ಕಾಲು ಗಂಟೆ ಗೊಣಗಾಟವಿತ್ತು. ಆಮೇಲೆ ತಡೆಯನ್ನು ಎಲ್ಲರೂ ಮರೆತರು, ಮನದಣಿಯೆ ಕೂಗಿದರು. ಒಳಗೆ ಆಡುತ್ತಿದ್ದವರಿಗೆ ಒಂದು ಕೂಗೂ ಕೇಳಿಸಲಿಲ್ಲ. ಹಳೆಯ ತಂಡದ ಹೆಸರು ಮಾತ್ರ ಪಟ್ಟಿಯಲ್ಲಿರಲಿಲ್ಲ. ಆ ಹುಡುಗ ಪರೀಕ್ಷೆ ಮುಗಿಸಿ ಊರು ಬಿಟ್ಟಿದ್ದನಂತೆ.