ಗಾಂಧಿ ಕ್ಲಾಸಿನಿಂದ: ಬೀಟೆ ಯಾವುದು, ಬಣ್ಣ ಯಾವುದು?

ತೆರೆಯ ಮೇಲೆ ಯಾರಾದರೂ ಗಿಟಾರ್ ಹಿಡಿದರೆ ಸಾಕು, ಗಾಂಧಿ ಕ್ಲಾಸಿನಲ್ಲಿ ಶಿಳ್ಳೆಯೋ ಶಿಳ್ಳೆ! 1973ರಲ್ಲಿ ‘ಯಾದೋಂ ಕಿ ಬಾರಾತ್’ ಬಂತು ನೋಡಿ, ಜೀನತ್ ಅಮಾನ್ ಗಿಟಾರ್ ಮೀಟುತ್ತಾ ಬಂದಾಗ ಮೈಸೂರಿನ ಹುಡುಗರಲ್ಲಿ ಅರ್ಧ ಜನ ಜೀನತ್‌ಗೆ ಮನಸೋತರು, ಇನ್ನರ್ಧ ಗಿಟಾರಿಗೆ. ನಾನು ಎರಡಕ್ಕೂ! ಜೀನತ್ ಸಿಗುವ ಹಾಗಿರಲಿಲ್ಲ. ಗಿಟಾರ್ ಸಿಕ್ಕಿತು... ಸಿಕ್ಕಿದ್ದೇ ತಪ್ಪಾಯಿತು.

ಆಮೇಲೆ 1981ರಲ್ಲಿ ‘ಗೀತಾ’ ಬಂತು. ಶಂಕರ್ ನಾಗ್ ಹಾಡುಗಾರ, ಇಳಯರಾಜ ಸಂಗೀತ. ಈ ಇಳಯರಾಜ ಅವರೇ 1976ರ ‘ಅನ್ನಕ್ಕಿಳಿ’ಯಿಂದ ಹೆಸರಾಗುವ ಮುಂಚೆ ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸಿಕೊಂಡು, ಸಹಾಯಕರಾಗಿದ್ದವರು. ಗಿಟಾರ್ ಹಿಡಿದವನು ಎಲ್ಲಿಗೆ ಬೇಕಾದರೂ ಏರಬಹುದು ಅಂತ ತಲೆಗೆ ಹತ್ತಿತು. ಎಂಟುನೂರು ರೂಪಾಯಿ ಕೂಡಿಹಾಕಿ ಒಬ್ಬನ ಹತ್ತಿರ ಹಳೇ ಗಿಟಾರ್ ತಗೊಂಡೆ. “ಫಾರಿನ್ ರೋಸ್‌ವುಡ್ ಸಾರ್, ನಿಮಗೆ ಅಂತ ಕೊಡ್ತಿದೀನಿ” ಅಂದ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಮಳೆಗಾಲ ಕಳೀತು. ಮೇಲಿನ ಸಿಪ್ಪೆ ಬಾಳೆಎಲೆಯಂತೆ ಸುರುಳಿ ಸುತ್ತಿಕೊಂಡಿತು. ಒಳಗಿಂದ ಇಣುಕಿದ್ದು ಚಹಾ ಪೆಟ್ಟಿಗೆ ಮಾಡುವಂಥ ಪ್ಲೈವುಡ್! ಅಪ್ಪ ಬೈಯಲಿಲ್ಲ, ನಕ್ಕರು. ಬೈದಿದ್ದರೇ ಚೆನ್ನಾಗಿತ್ತು.

ಈ ಹಳೇ ಪುರಾಣ ಈಗ ಯಾಕೆ ಅಂತೀರಾ? ಹೋದ ತಿಂಗಳು ನಮ್ಮ ಬೀದಿಯ ಹುಡುಗ ಬಂದು ಬಾಗಿಲಲ್ಲಿ ನಿಂತ. “ಅಂಕಲ್, ಹದಿನೆಂಟು ಸಾವಿರ ಇದೆ. ರೋಸ್‌ವುಡ್ ಗಿಟಾರ್ ಒಂದು ಸೆಕೆಂಡ್ ಹ್ಯಾಂಡು ಬಂದಿದೆಯಂತೆ. ನೀವು ಒಂದು ಸಲ ನೋಡ್ತೀರಾ?”

“ದುಡ್ಡು ಎಲ್ಲಿಂದ ಬಂತಯ್ಯಾ?”

“ಅಮ್ಮ ಚೀಟಿ ಎತ್ತಿದಾರೆ.”

ಅಮ್ಮನ ಚೀಟಿ ದುಡ್ಡು! ಇನ್ನು ಸುಮ್ಮನೆ ಕೂರೋದು ಹೇಗೆ? ಚಪ್ಪಲಿ ಹಾಕಿಕೊಂಡೆ.

ದಾರಿಯಲ್ಲಿ ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ, ಗೆಳೆಯರೇ. ರೋಸ್‌ವುಡ್ ಅಂದರೆ ಬೇರೇನಲ್ಲ, ನಮ್ಮ ಬೀಟೆ ಮರ. ಕೊಡಗು, ಕಾಕನಕೋಟೆ ಕಡೆಯ ಕಾಡಿನ ಮರ. ಅರಮನೆಯ ಅಂಬಾವಿಲಾಸದಲ್ಲಿ ದಂತ ಕೂರಿಸಿದ ಬಾಗಿಲು ನೋಡಿದ್ದೀರಲ್ಲ, ಅದು ಬೀಟೆ. ಇಡೀ ಜಗತ್ತಿನ ಗಿಟಾರ್ ಕಂಪನಿಗಳು ಮೊದಲು ಬ್ರೆಜಿಲ್ ದೇಶದ ರೋಸ್‌ವುಡ್ಡಿಗೆ ಬಾಯಿ ಬಿಡುತ್ತಿದ್ದವು. ಅಲ್ಲಿಂದ ದಿಮ್ಮಿ ಬರೋದು ಕಷ್ಟವಾದಾಗ, 1969ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ತನ್ನ ಹೆಸರಾಂತ ಡಿ-28 ಗಿಟಾರಿಗೆ ಭಾರತದ ಬೀಟೆ ಹಾಕತೊಡಗಿತು. ನಾವು ‘ಫಾರಿನ್’ ಅಂತ ಕಣ್ಣರಳಿಸುವ ಗಿಟಾರಿನ ಬೆನ್ನು ನಮ್ಮ ಕಾಡಿನದೇ ಇರಬಹುದು. ತಮಾಷೆ ಹೇಗಿದೆ!

ಇನ್ನೊಂದು ಮಾತು. ರೋಸ್‌ವುಡ್ ಗಿಟಾರ್ ಅಂದರೆ ಸಾಮಾನ್ಯವಾಗಿ ಬೆನ್ನು ಮತ್ತು ಪಕ್ಕ ಮಾತ್ರ ಬೀಟೆ. ತಂತಿಯ ಕೆಳಗಿನ ಮುಖ ಸ್ಪ್ರೂಸ್ ಅಥವಾ ಸೀಡರ್ ಅನ್ನೋ ತಿಳಿ ಬಣ್ಣದ ಹಗುರ ಮರ. ಮುಖ ನಡುಗಿ ದನಿ ಎಬ್ಬಿಸುತ್ತೆ, ಬೆನ್ನು ಅದನ್ನು ತುಂಬಿ ಹೊರಗೆ ಕಳಿಸುತ್ತೆ. ಕೆಲವರು ಬೆರಳಿಡುವ ಪಟ್ಟಿಯೊಂದು ಬೀಟೆಯಾಗಿದ್ದರೆ ಅದನ್ನೂ ‘ರೋಸ್‌ವುಡ್ ಗಿಟಾರ್’ ಅಂತಲೇ ಮಾರುತ್ತಾರೆ. ಅದು ಪೂರಾ ಸುಳ್ಳಲ್ಲ, ಪೂರಾ ನಿಜವೂ ಅಲ್ಲ. “ಯಾವ ಭಾಗ ರೋಸ್‌ವುಡ್ಡು?” ಅಂತ ಮೊದಲು ಕೇಳಿ. ಮಾರುವವನು ತಡವರಿಸಿದರೆ ಅರ್ಧ ಉತ್ತರ ಸಿಕ್ಕ ಹಾಗೇ.

ಹುಡುಗ ಹೇಳಿದ ಮನೆಗೆ ಹೋದೆವು. ಗಿಟಾರ್ ಹೊರಗೆ ಬಂತು. ಅಯ್ಯೋ, ಅದೇ ಹೊಳಪು! ನನ್ನ ಎಂಟುನೂರು ರೂಪಾಯಿ ಎದ್ದು ಬಂದ ಹಾಗಾಯಿತು. ನಡುವಿನ ದುಂಡು ತೂತಿನ ಅಂಚಿಗೆ ಮೊಬೈಲ್ ಬೆಳಕು ಬಿಟ್ಟೆ. ಗಟ್ಟಿ ಮರವಾದರೆ ಮೇಲಿನ ಗೆರೆ ಹಾಗೇ ಅಂಚಿನಲ್ಲೂ ಇಳಿದಿರುತ್ತೆ. ಇಲ್ಲಿ ಬಿಸ್ಕತ್ತಿನ ಹಾಗೆ ಪದರ ಪದರ. ಆಮೇಲೆ ಬೆನ್ನು. ಹೊರಗೆ ಒಂದು ಕಡೆ ಕಪ್ಪು ಗೆರೆ ಬಾಗಿತ್ತು. ತೂತಿನಿಂದ ಒಳಗೆ ಇಣುಕಿ ಅದೇ ಜಾಗ ನೋಡಿದರೆ ಆ ಗೆರೆಯೇ ಇಲ್ಲ. ಒಂದೇ ಹಲಗೆಯಾದರೆ ಒಳಗಿನ ಗೆರೆಗೂ ಹೊರಗಿನ ಗೆರೆಗೂ ಹೊಂದಿಕೆ ಇರಬೇಕು, ಇಲ್ಲದಿದ್ದರೆ ಮೇಲೆ ಅಂಟಿಸಿದ ಸಿಪ್ಪೆ ಅಂತ ಅರ್ಥ. ಸಿಪ್ಪೆಯ ಗಿಟಾರ್ ಕೆಟ್ಟದ್ದು ಅಂತ ನಾನು ಹೇಳೋಲ್ಲ. ಕಲಿಯೋಕೆ ಧಾರಾಳ ಸಾಕು. ಆದರೆ ಗಟ್ಟಿ ಬೀಟೆಯ ರೇಟು ಕೊಡಬಾರದು, ಅಷ್ಟೇ.

“ನಮಸ್ಕಾರ, ಬರ್ತೀವಿ” ಅಂದು ಎದ್ದೆವು. ಹುಡುಗನ ಮುಖ ಇಂಟರ್ವಲ್‌ನಲ್ಲಿ ಕರೆಂಟ್ ಹೋದ ಹಾಗಿತ್ತು.

ಹಾಗಂತ ಬಿಡೋಕಾಗುತ್ತಾ? ಗೋಕುಲಂ ಕಡೆ ತಿರುಗಿದೆವು. ಅಲ್ಲಿ ಯೋಗ ಕಲಿಯಲು ಪರದೇಶದವರು ಬರ್ತಾರಲ್ಲ, ಊರಿಗೆ ಹೊರಡುವಾಗ ಹೊರಲಾರದೆ ಸಾಮಾನು ಮಾರುವವರೂ ಉಂಟು. ಎರಡು ವಾರ ವಿಚಾರಿಸಿದ ಮೇಲೆ ಒಬ್ಬಾಕೆ ಸಿಕ್ಕಳು. ಗಿಟಾರಿಗೆ ಹೊಳಪಿಲ್ಲ. ಬೆರಳು ತಾಗಿ ತಾಗಿ ಮುಖ ಸವೆದಿದೆ. ಹುಡುಗ ಮೂಗು ಮುರಿದ. ನಾನು ಬೆನ್ನು ತಿರುಗಿಸಿದೆ. ಕಡು ಕಂದು, ನಡುವೆ ನೇರಳೆ ಗೆರೆ, ಸೂಜಿ ಚುಚ್ಚಿದಂಥ ಸಣ್ಣ ರಂಧ್ರಗಳು, ಕೈಗೆ ಒಳ್ಳೇ ತೂಕ. ತೂತಿಗೆ ಮೂಗಿಟ್ಟರೆ ತೆಳುವಾದ ಸಿಹಿ ವಾಸನೆ. ಒಳಗೂ ಅದೇ ಗೆರೆ!

ಮರ ಗೆದ್ದಿತು. ಆದರೆ ಮರ ಒಳ್ಳೇದಾದರೆ ಗಿಟಾರ್ ಒಳ್ಳೇದು ಅಂತೇನಿಲ್ಲ. ಇನ್ನೂ ನಾಲ್ಕು ಪರೀಕ್ಷೆ ಇದೆ. ಕತ್ತರಿಸಿ ಇಟ್ಟುಕೊಳ್ಳಿ.

ಒಂದು, ಕತ್ತು. ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಹದಿನಾಲ್ಕನೆಯದರಲ್ಲೂ ಒಟ್ಟಿಗೆ ಒತ್ತಿ. ನಡುವೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿಯಿದ್ದರೆ ಸರಿ. ಬಿಲ್ಲಿನ ಹಾಗೆ ಬಾಗಿದ್ದರೆ ಹುಷಾರು.

ಎರಡು, ತಂತಿಯ ಎತ್ತರ. ಹನ್ನೆರಡನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಸುಮಾರು ಎರಡೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಬೆರಳಿಗೆ ಸುಖ. ನಾಲ್ಕು ದಾಟಿದರೆ ಹಾಡಲ್ಲ, ರಕ್ತ ಬರುತ್ತೆ.

ಮೂರು, ತಂತಿ ಕಟ್ಟುವ ಬ್ರಿಡ್ಜ್. ಅದರ ಅಡಿಗೆ ತೆಳು ಕಾಗದ ನುಗ್ಗಿದರೆ ಅಂಟು ಬಿಡುತ್ತಿದೆ ಅಂತ ಅರ್ಥ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ತಂತಿ ಬಿಗಿದರೆ ಬ್ರಿಡ್ಜ್ ಕಿತ್ತೇ ಬರಬಹುದು. ಆ ಪಾಪ ಮಾಡಬೇಡಿ.

ನಾಲ್ಕು, ಕಿವಿ. ಪ್ರತಿ ಫ್ರೆಟ್ಟಿನಲ್ಲೂ ಒಂದೊಂದು ತಂತಿ ಮೀಟಿ, ಎಲ್ಲಿ ಗುಂಯ್‌ಗುಟ್ಟುತ್ತೆ ಕೇಳಿ. ತುಕ್ಕು ಹಿಡಿದ ತಂತಿಯಲ್ಲಿ ಯಾವ ಗಿಟಾರೂ ಅಳುತ್ತೆ. ಹೊಸ ತಂತಿ ಜೊತೆಗೆ ಒಯ್ಯಿರಿ.

ನಾವು ಒಯ್ದಿದ್ದೆವು. ಹೊಸ ತಂತಿ ಬಿಗಿದು ಹುಡುಗ ಒಂದು ಸಲ ಮೀಟಿದ. ಕೆಳಗಿನ ದನಿ ಎದೆಗೆ ಬಡಿಯಿತು. ಮೇಲಿನದು ದೇವಸ್ಥಾನದ ಗಂಟೆ ಹೊಡೆದು ಕೈಬಿಟ್ಟ ಮೇಲೂ ಉಳಿಯುತ್ತಲ್ಲ, ಹಾಗೆ ಉಳಿಯಿತು. ಹುಡುಗ ಮೂಗು ಮುರಿಯೋದು ಮರೆತ.

ಆದರೆ ಬೆನ್ನಿನಲ್ಲಿ ಒಂದು ಗೇಣುದ್ದ ಬಿರುಕು! ಆಕೆಯೇ ತೋರಿಸಿದಳು. ಕೇಳಿದ ಬೆಲೆ ಇಪ್ಪತ್ತೆರಡು. ಕೊಳ್ಳಬೇಕೋ ಬಿಡಬೇಕೋ? ಅಮ್ಮನ ಚೀಟಿ ಕಣ್ಣ ಮುಂದೆ ಬಂತು. ಒಂದು ದಿನ ಟೈಮ್ ಕೇಳಿ, ಮುಂಗಡ ಕೊಟ್ಟು, ಗಿಟಾರ್ ಎತ್ತಿಕೊಂಡು ಮಂಡಿ ಮೊಹಲ್ಲಾಕ್ಕೆ ಹೋದೆವು. ಮೈಸೂರಿನ ಬೀಟೆ ಕುಸುರಿ ಕೆಲಸದವರು ಇರುವ ಜಾಗ. ವಯಸ್ಸಾದ ಕುಶಲಕರ್ಮಿಯೊಬ್ಬರು ಕನ್ನಡಕ ಏರಿಸಿ ನೋಡಿದರು, ಉಗುರಲ್ಲಿ ತಟ್ಟಿದರು. “ಬೀಟೆ, ಅನುಮಾನ ಬೇಡ. ಬಿರುಕು ಗೆರೆಯ ಜೊತೇಲೇ ಓಡಿದೆ, ಅಡ್ಡ ಹೋಗಿಲ್ಲ. ಅಂಟು ಹಾಕಿ ಒಳಗಿಂದ ತುಂಡು ಪಟ್ಟಿ ಕೊಟ್ಟರೆ ನಿಲ್ಲುತ್ತೆ” ಅಂದರು. ಆಮೇಲೆ ಗಿಟಾರಿನ ಬೆನ್ನು ಸವರುತ್ತಾ, “ಇಷ್ಟಗಲದ ಹಲಗೆ ಈಗ ಸಿಗೋದೇ ಕಷ್ಟ ಸ್ವಾಮಿ” ಅಂದರು.

ಆ ಮಾತು ನನ್ನನ್ನು ಬಿಡಲಿಲ್ಲ. 1973ರಲ್ಲೇ ನಮ್ಮೂರಿನ ಪೈಲ್ವಾನ್ ಎಂ.ಪಿ. ಶಂಕರ್ ‘ಗಂಧದ ಗುಡಿ’ ತೆಗೆದರು. ಸಂಗೀತ ನಮ್ಮ ಶಿವರಾಂಪೇಟೆಯ ರಾಜನ್-ನಾಗೇಂದ್ರ. ಅಣ್ಣಾವ್ರು ಅರಣ್ಯಾಧಿಕಾರಿಯಾಗಿ ಕಳ್ಳರನ್ನು ಸದೆಬಡಿದಾಗ ನಾವು ಚಪ್ಪಾಳೆ ಹೊಡೆದು ಮನೆಗೆ ಬಂದೆವು. ಕಾಡು ಮಾತ್ರ ಕರಗುತ್ತಲೇ ಹೋಯಿತು. ಈಗ ಬೀಟೆಯನ್ನು ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. 2017ರ ಜನವರಿಯಿಂದ ದೇಶ ದಾಟುವ ವ್ಯಾಪಾರಕ್ಕೂ ಅಂತಾರಾಷ್ಟ್ರೀಯ ಕಟ್ಟುಪಾಡು ಬಂತು. 2019ರ ನವೆಂಬರಿನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದರೂ ಮರಕ್ಕೆ ಕಟ್ಟುಪಾಡು ಉಳಿದಿದೆ. ಹಳೇ ಗಿಟಾರ್ ಕೊಂಡರೆ ಕಾಡಿನಲ್ಲಿ ಹೊಸ ಮರ ಬೀಳೋದಿಲ್ಲ. ಸೆಕೆಂಡ್ ಹ್ಯಾಂಡ್ ಅಂತ ನಾಚಿಕೊಳ್ಳುವವರು ಇದನ್ನು ನೆನಪಿಡಿ.

ಮರುದಿನ ಬಿರುಕಿನ ಲೆಕ್ಕ ಹೇಳಿ ಚೌಕಾಶಿ ಮಾಡಿದೆವು. ಹದಿನಾರಕ್ಕೆ ಮುಗಿಯಿತು. ಉಳಿದ ಎರಡರಲ್ಲಿ ರಿಪೇರಿ, ಒಂದು ಚೀಲ. ಮನೆಗೆ ತಂದಾಗ ಅವನ ಅಮ್ಮ ಮುಟ್ಟಿ ನೋಡಿ, “ಹಳೇದಲ್ವೇನೋ?” ಅಂದರು. ಹುಡುಗ ಉತ್ತರ ಕೊಡಲಿಲ್ಲ. ಕೂತು ಮೀಟಿದ. ಅಮ್ಮ ಅಡುಗೆಮನೆಗೆ ಹೋಗುವವರು ಹಾಗೇ ಬಾಗಿಲಿಗೆ ಒರಗಿ ನಿಂತರು.

ನನ್ನ ಎಂಟುನೂರು ರೂಪಾಯಿ ಅವತ್ತು ವಸೂಲಾಯಿತು ಗೆಳೆಯರೇ!

ಬರುವ ವಾರ ಮತ್ತೆ ಇದೇ ಗಾಂಧಿ ಕ್ಲಾಸಿನಲ್ಲಿ ಸಿಗೋಣ. ಸೀಟು ಹಿಡಿದಿಟ್ಟಿರಿ.