ಎ.ಸಿ. ಕೊಳ್ಳುವಾಗ ಗ್ಯಾಸ್ ಯಾವುದೆಂದು ಕೇಳಿ

ಬಾಳೆಹೊಸೂರ ಕಡೆಯವರು ಎ.ಸಿ. ಕೊಳ್ಳಲು ಲಕ್ಷ್ಮೇಶ್ವರಕ್ಕೋ ಗದಗಕ್ಕೋ ಹೋದರೆ ಕೇಳುವುದು ಮೂರೇ ಮಾತು: ರೇಟು ಎಷ್ಟು, ಎಷ್ಟು ಸ್ಟಾರ್, ಕರೆಂಟ್ ಬಿಲ್ ಎಷ್ಟು ಬರುತ್ತದೆ? ಒಳಗಿನ ಗ್ಯಾಸ್ ಯಾವುದೆಂದೂ ಕೇಳಬೇಕು ಎನ್ನುತ್ತೇವೆ ನಾವು.

ಪೈಪಿನೊಳಗೆ ಇರುವವರೆಗೆ ಈ ಗ್ಯಾಸಿನಿಂದ ತೊಂದರೆ ಇಲ್ಲ. ಹೊರಬಿದ್ದರೆ ಭೂಮಿಯ ಕಾವು ಏರಿಸುತ್ತದೆ. ಹಳೆಯ ಎ.ಸಿ.ಗಳ ಆರ್-22 ಒಂದು ಕೆ.ಜಿ. ಸೋರಿದರೆ ಸುಮಾರು 1,800 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಓಝೋನ್ ಪದರಕ್ಕೂ ಪೆಟ್ಟು. ಅದರ ಬದಲಿಗೆ ಬಂದ ಆರ್-410ಎ ಓಝೋನ್ ಕೆಡಿಸದು, ಆದರೆ ಕಾವು ಏರಿಸುವುದರಲ್ಲಿ ಇನ್ನೂ ಜೋರು: 2,088 ಕೆ.ಜಿ. ಟ್ರ್ಯಾಕ್ಟರ್ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 780 ಲೀಟರ್ ಡೀಸೆಲ್ ಸುಟ್ಟಷ್ಟು. ಈಗ ಹೆಚ್ಚಾಗಿ ಸಿಗುವ ಆರ್-32ಕ್ಕೆ ಇದೇ ಅಂಕಿ 675. ಆರ್-290ಕ್ಕೆ ಬರೀ 3ರ ಆಸುಪಾಸು.

ಆರ್-290 ಎಂದರೆ ಪ್ರೊಪೇನ್. ಅಡುಗೆ ಸಿಲಿಂಡರಿನಲ್ಲಿ ಬ್ಯೂಟೇನ್ ಜೊತೆ ಇರುವುದೂ ಅದೇ. ಗೋದ್ರೆಜ್ ಕಂಪನಿ 2012ರಲ್ಲೇ ಇದರ ಎ.ಸಿ. ತಂದಿತು. ಒಂದಕ್ಕೆ 300 ಗ್ರಾಂ ಆಸುಪಾಸು ಗ್ಯಾಸ್ ಸಾಕು. ಬೆಂಕಿಯ ಭಯ ಸುಳ್ಳಲ್ಲ. ಆರ್-32 ಸಹ ಉರಿಯುತ್ತದೆ, ಆದರೆ ಮಂದವಾಗಿ. (ಈಚಿನ ಅನೇಕ ಫ್ರಿಜ್‌ಗಳಲ್ಲಿ ಇರುವುದೂ ಬೆಂಕಿ ಹತ್ತುವ ಗ್ಯಾಸೇ. ಅದರ ಪಕ್ಕದಲ್ಲೇ ನಾವು ಒಲೆ ಹಚ್ಚುತ್ತೇವೆ.) ಹಾಗಾಗಿ ಕಂಪನಿಯಲ್ಲಿ ತರಬೇತಿ ಪಡೆದ ಮೆಕ್ಯಾನಿಕ್ ನಿಮ್ಮೂರಿಗೆ ಬರುವುದು ಖಾತ್ರಿಯಿದ್ದರೆ ಆರ್-290 ತೆಗೆದುಕೊಳ್ಳಿ. ಇಲ್ಲದಿದ್ದರೆ ಸದ್ಯಕ್ಕೆ ಆರ್-32 ಸಾಕು. ಹಳೆಯ ಎ.ಸಿ.ಗೆ ಮಾತ್ರ ಪ್ರೊಪೇನ್ ಅಥವಾ ಅಡುಗೆ ಗ್ಯಾಸ್ ತುಂಬಿಸಲು ಯಾರು ಹೇಳಿದರೂ ಒಪ್ಪಬೇಡಿ. ಅದು ಮನೆಗೆ ಬೆಂಕಿ ಕರೆದಂತೆ.

ನಮ್ಮ ನಿಜವಾದ ತಕರಾರು ರಿಪೇರಿಯದು. ಗ್ಯಾಸ್ ತಾನಾಗಿ ಖರ್ಚಾಗುವ ವಸ್ತುವಲ್ಲ. ಬೇಸಿಗೆ ಬಂದಾಗಲೆಲ್ಲ ತುಂಬಿಸಬೇಕಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಸೋರಿಕೆ ಮುಚ್ಚದೆ ಮತ್ತೆ ತುಂಬಿದರೆ ನಿಮ್ಮ ದುಡ್ಡೂ ಗಾಳಿಗೆ, ಗ್ಯಾಸೂ ಗಾಳಿಗೆ. ಎ.ಸಿ. ಬಿಚ್ಚಿ ಬೇರೆ ಕಡೆ ಕೂರಿಸುವಾಗಲೂ ಪೈಪ್ ಸಡಿಲಿಸಿ 'ಸುಸ್' ಎಂದು ಬಿಡಲು ಕೊಡಬೇಡಿ. ಗ್ಯಾಸನ್ನು ಹೊರಗಿನ ಯೂನಿಟ್‌ಗೆ ಎಳೆದಿಡಬಹುದು. ಮೆಕ್ಯಾನಿಕ್‌ಗಳು ಇದನ್ನು 'ಪಂಪ್ ಡೌನ್' ಎನ್ನುತ್ತಾರೆ.

ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಇಂಥ ಗ್ಯಾಸ್‌ಗಳ ಬಳಕೆಯನ್ನು 2047ರೊಳಗೆ ಶೇ. 85ರಷ್ಟು ಇಳಿಸಬೇಕು. ಇದು ದೆಹಲಿಯ ಕಾಗದದಲ್ಲಷ್ಟೇ ಉಳಿಯಬಾರದೆಂದರೆ ಹಳೆಯ ಗ್ಯಾಸ್ ಹಿಡಿದಿಡುವ ಯಂತ್ರ ತಾಲ್ಲೂಕಿಗೆ ಒಂದಾದರೂ ಬರಬೇಕು, ಐಟಿಐ ಹುಡುಗರಿಗೆ ಅದರಲ್ಲಿ ಕೈಪಳಗಬೇಕು. ಪಂಚಾಯಿತಿಯವರೂ ಶಾಸಕರೂ ಇದನ್ನು ಕೇಳಲಿ. ಅಲ್ಲಿಯವರೆಗೆ ನೀವು ಹೊರಗಿನ ಯೂನಿಟ್‌ಗೆ ಅಂಟಿಸಿದ ಸ್ಟಿಕರ್ ನೋಡಿ, 'ಆರ್' ಅಕ್ಷರದ ಮುಂದಿನ ಅಂಕಿಯನ್ನು ಬಿಲ್ ಮೇಲೆ ಬರೆಸಿಕೊಂಡೇ ದುಡ್ಡು ಕೊಡಿ.